ದಿನಕ್ಕೆ ನಾಲ್ಕು ಸಲ ಚಹಾ ಮಾಡ್ತೀನಿ, ಮನಸ್ಸು ಯಾಕೆ ಹಗುರಾಗಲ್ಲ?

ಪ್ರಶ್ನೆ: ಬೆಳಗ್ಗೆಯಿಂದ ಸಂಜೆವರೆಗೆ ಮನೆಯವರಿಗೆಲ್ಲ ನಾಲ್ಕು ಸಲ ಚಹಾ ಮಾಡ್ತೀನಿ. ಚಹಾ ಮಾಡೋದೇ ಒಂದು ಧ್ಯಾನ, ಅದರಿಂದ ಮನಸ್ಸಿಗೆ ನೆಮ್ಮದಿ ಅಂತ ಎಲ್ಲೆಲ್ಲೂ ಓದ್ತೀನಿ. ನನಗಂತೂ ಸುಸ್ತು ಬಿಟ್ಟರೆ ಏನೂ ಇಲ್ಲ. ಇದರಲ್ಲಿ ನಿಜ ಇದೆಯಾ? ಚಹಾನೇ ಆಗಬೇಕಾ, ಕಾಫಿ ಆದ್ರೆ ಆಗಲ್ವಾ?

ಉತ್ತರ: ನಿಜ ಇದೆ. ಆದರೆ ನಿಮ್ಮ ಆ ನಾಲ್ಕು ಸಲದ ಚಹಾದಲ್ಲಿ ಇಲ್ಲ. ಅದು ಬರೀ ಕೆಲಸ. ಒಬ್ಬರಿಗೆ ಸಕ್ಕರೆ ಬೇಡ, ಇನ್ನೊಬ್ಬರಿಗೆ ಸ್ಟ್ರಾಂಗ್ ಬೇಕು, ಮತ್ತೊಬ್ಬರು ಸ್ನಾನಕ್ಕೆ ಹೋಗಿರ್ತಾರೆ, ಅವರದ್ದು ಮತ್ತೆ ಬಿಸಿ ಮಾಡಬೇಕು. ಇದನ್ನು ಧ್ಯಾನ ಅಂತ ಬರೆಯುವವರು ಆರು ಜನಕ್ಕೆ ಚಹಾ ಸೋಸಿರಲಿಕ್ಕಿಲ್ಲ.

ಮೊದಲು ಚಹಾಪುಡಿಯ ವಿಷಯ ಮುಗಿಸಿಬಿಡೋಣ. ಒಂದು ಕಪ್ಪಿನಲ್ಲಿ ಸುಮಾರು 30ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತೆ. ದಣಿವಿನ ಸುದ್ದಿ ಮೆದುಳಿಗೆ ಮುಟ್ಟದ ಹಾಗೆ ಅದು ಸ್ವಲ್ಪ ಹೊತ್ತು ತಡೆಯುತ್ತೆ. ಜೊತೆಗೆ ಥಿಯನೈನ್ ಅಂತ ಒಂದು ಅಂಶ ಇದೆ. 1949ರಲ್ಲಿ ಜಪಾನಿನಲ್ಲಿ ಪತ್ತೆಯಾಗಿದ್ದು. ಮನಸ್ಸನ್ನು ಶಾಂತ ಮಾಡುತ್ತೆ ಅಂತ ಇದಕ್ಕೆ ದೊಡ್ಡ ಹೆಸರು. ಆದರೆ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಡೋದು 200 ಮಿಲಿಗ್ರಾಂ. ನಮ್ಮ ಕಪ್ಪಿನಲ್ಲಿ ಇರೋದು ಅದರ ಹತ್ತನೇ ಒಂದು ಭಾಗದ ಆಸುಪಾಸು. ಲೆಕ್ಕ ನೀವೇ ಹಾಕಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 75 ಗಂಡಸರ ಮೇಲೆ ಆರು ವಾರ ಒಂದು ಪ್ರಯೋಗ ಮಾಡಿದ್ದರು. ಫಲಿತಾಂಶ ಬಂದದ್ದು 2006ರಲ್ಲಿ. ಅರ್ಧ ಜನಕ್ಕೆ ಚಹಾದ ಅಂಶ ಇರುವ ಪೇಯ, ಉಳಿದವರಿಗೆ ಅದೇ ರುಚಿಯ ನಕಲಿ. ಆಮೇಲೆ ಎಲ್ಲರಿಗೂ ತಲೆಬಿಸಿ ಆಗುವಂಥ ಕೆಲಸ ಕೊಟ್ಟರು. ಒತ್ತಡ ಎರಡೂ ಗುಂಪಿಗೆ ಒಂದೇ ಸಮ ಏರಿತು. ಇಳಿಯುವಾಗ ಮಾತ್ರ ವ್ಯತ್ಯಾಸ. 50 ನಿಮಿಷದ ನಂತರ, ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಚಹಾದವರಲ್ಲಿ ಸರಾಸರಿ ಶೇ. 47 ಇಳಿದಿತ್ತು, ನಕಲಿ ಕುಡಿದವರಲ್ಲಿ ಶೇ. 27. ಅಂದರೆ ಚಹಾ ತಲೆಬಿಸಿಯನ್ನು ತಡೆಯಲಿಲ್ಲ, ಆದದ್ದು ಬೇಗ ಇಳಿಯಿತು.

ನನ್ನ ಗಮನ ಹೋದದ್ದು ಬೇರೆ ಕಡೆ. ಯಾರಿಗೆ ಯಾವುದು ಅಂತ ಗೊತ್ತಾಗಬಾರದಲ್ಲ, ಹಾಗಾಗಿ ಅವರಿಗೆ ಕೊಟ್ಟದ್ದು ಹಣ್ಣಿನ ರುಚಿಯ ಪುಡಿ ಕಲಸಿದ ಪೇಯ. ಒಲೆ ಇಲ್ಲ, ಪಾತ್ರೆ ಇಲ್ಲ, ಶುಂಠಿಯ ಘಮ ಇಲ್ಲ. ಚಹಾ ಕುಡಿಯೋದರ ಬಗ್ಗೆ ಅದು ಏನೋ ಹೇಳುತ್ತೆ. ಮಾಡೋದರ ಬಗ್ಗೆ ಏನೂ ಹೇಳಲ್ಲ.

ಮಾಡೋದರಲ್ಲಿ ಏನಿದೆ ನೋಡಿ. ನೀರು ಇಡ್ತೀರಿ. ಬೆರಳಿನ ಗೆಣ್ಣಿನಷ್ಟು ಶುಂಠಿ ಮಣೆ ಮೇಲಿಟ್ಟು ಲೋಟದ ತಳದಿಂದ ಜಜ್ಜುತ್ತೀರಿ. ಅದನ್ನು ನೀರಿಗೇ ಹಾಕಬೇಕು. ಬಿಸಿ ಹಾಲಿಗೆ ಹಸಿ ಶುಂಠಿ ಬಿದ್ದರೆ ಹಾಲು ಒಡೆಯಬಹುದು, ಶುಂಠಿಯಲ್ಲಿರುವ ಒಂದು ಕಿಣ್ವ ಆ ಕೆಲಸ ಮಾಡುತ್ತೆ. ನೀರಲ್ಲಿ ಕುದ್ದರೆ ಅದರ ಆಟ ಮುಗೀತು. ಆಮೇಲೆ ಪುಡಿ, ಸಕ್ಕರೆ, ಹಾಲು. ಇಲ್ಲಿಂದ ಮುಂದೆ ಒಂದೆರಡು ನಿಮಿಷ ನೀವು ಆ ಕಡೆ ಈ ಕಡೆ ಹೋಗೋ ಹಾಗಿಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುತ್ತೆ, ನಡುವೆ ಕೆನೆ ನಡುಗುತ್ತೆ, ಥಟ್ಟನೆ ಇಡೀ ಪಾತ್ರೆ ಮೇಲೆದ್ದು ಬರುತ್ತೆ. ಉರಿ ಸಣ್ಣ ಮಾಡ್ತೀರಿ, ಕೂತುಕೊಳ್ಳುತ್ತೆ. ಮತ್ತೆ ಏಳುತ್ತೆ. ನಾನೊಮ್ಮೆ ಇದೇ ಹೊತ್ತಿಗೆ ಫೋನ್ ನೋಡಿದೆ. ಗ್ಯಾಸ್ ಒಲೆಯ ಬರ್ನರ್ ಬಿಚ್ಚಿ ತೊಳೆಯಲು ಅರ್ಧ ಗಂಟೆ ಹಿಡಿಯಿತು!

ನಮ್ಮ ಹಾಲಿನ ಚಹಾದ ಗುಟ್ಟು ಇದೇ ಅಂತ ನನಗನ್ನಿಸೋದು. ಉಸಿರಿನ ಮೇಲೆ ಗಮನ ಇಡಿ ಅಂದರೆ ಎಷ್ಟು ಜನಕ್ಕೆ ಆಗುತ್ತೆ? ಉಕ್ಕುವ ಹಾಲಿನ ಮೇಲೆ ಎಲ್ಲರಿಗೂ ಆಗುತ್ತೆ. ಬೇಜಾರಿನಲ್ಲಿ ಮನಸ್ಸು ಒಂದೇ ಚಿಂತೆಯನ್ನು ಎಮ್ಮೆ ಥರ ಮೆಲುಕು ಹಾಕ್ತಾ ಇರುತ್ತೆ. ಆ ಎರಡು ನಿಮಿಷ ಅದಕ್ಕೆ ಬಿಡುವು. ಕೈಗೆ ಕೆಲಸ, ಮೂಗಿಗೆ ಘಮ, ಕೊನೆಗೆ ಕುಡಿಯೋಕೆ ಏನೋ ಒಂದು. ಖಿನ್ನತೆಗೆ ಕೊಡುವ ಚಿಕಿತ್ಸೆಗಳಲ್ಲಿ ಬಿಹೇವಿಯರಲ್ ಆಕ್ಟಿವೇಶನ್ ಅಂತ ಒಂದಿದೆ. ಮನಸ್ಸು ಸರಿಹೋಗಲಿ, ಆಮೇಲೆ ಎದ್ದು ಏನಾದರೂ ಮಾಡೋಣ ಅಂತ ಕಾಯಬೇಡಿ. ಮೊದಲು ಚಿಕ್ಕದೇನಾದರೂ ಮಾಡಿ, ಮನಸ್ಸು ಹಿಂದಿನಿಂದ ಬರುತ್ತೆ ಅನ್ನೋದು ಅದರ ದಾರಿ. ಏಳೋಕೇ ಮನಸ್ಸಿಲ್ಲದ ದಿನಕ್ಕೆ ಒಂದು ಕಪ್ ಚಹಾ ಸರಿಯಾದ ಅಳತೆಯ ಕೆಲಸ.

ಹಾಗಾಗಿ ಐದನೇ ಚಹಾ ಮಾಡಿ ಅಂತ ನಾನು ಹೇಳಲ್ಲ. ನಾಲ್ಕರಲ್ಲಿ ಒಂದನ್ನು ಮನೆಯ ಬೇರೆಯವರಿಗೆ ಬಿಡಿ, ಇನ್ನೊಂದನ್ನು ನಿಮ್ಮೊಬ್ಬರಿಗೇ ಇಟ್ಟುಕೊಳ್ಳಿ. ಮೊದಲನೆಯದೇ ಕಷ್ಟ, ಗೊತ್ತು. ಹೊತ್ತು ದಿನಾ ಒಂದೇ ಇರಲಿ. ಮಧ್ಯಾಹ್ನ ಮೂರು ಗಂಟೆ ಒಳ್ಳೆಯದು, ಯಾಕಂದ್ರೆ ಕುಡಿದ ಕೆಫೀನಿನಲ್ಲಿ ಅರ್ಧ ಕಳೆಯೋಕೆ ಸುಮಾರು ಐದು ಗಂಟೆ ಬೇಕು. ರಾತ್ರಿ ಎಂಟಕ್ಕೆ ಕುಡಿದು ನಿದ್ದೆ ಕೆಡಿಸಿಕೊಂಡರೆ ಮನಸ್ಸು ಇನ್ನೂ ಹಾಳು. ಕಪ್ಪು-ಬಸಿ ನಿಮಗಿಷ್ಟವಾದದ್ದು ತೆಗೀರಿ, ನೆಂಟರಿಗೆ ಅಂತ ಎತ್ತಿಟ್ಟದ್ದೇ ಆಗಲಿ. ಕೂತು ಕುಡೀರಿ. ಫೋನ್ ಹಾಲಿನಲ್ಲಿರಲಿ (ಕೋಣೆಯ ಹಾಲ್, ಒಲೆ ಮೇಲಿನದ್ದಲ್ಲ).

ಸುಸ್ತು ಅಂದಿರಿ. ಅದನ್ನು ಮನಸ್ಸಿನ ತಲೆಗೇ ಕಟ್ಟಬೇಡಿ. ಊಟದ ಜೊತೆ, ಊಟ ಮುಗಿದ ಕೂಡಲೇ ಚಹಾ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲ್ಲ. ಒಂದು ಗಂಟೆ ಅಂತರ ಇರಲಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ತುಂಬಾ ಜಾಸ್ತಿ, ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಎರಡು ವಾರ ಕಳೆದರೂ ಬೇಜಾರು ಹೋಗದೆ, ಇಷ್ಟದ್ದೂ ಬೇಡ ಅನ್ನಿಸುತ್ತಿದ್ದರೆ, ಅದು ಚಹಾದಿಂದ ಸರಿಹೋಗುವ ವಿಷಯ ಅಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕಾಫಿ. ಧಾರಾಳವಾಗಿ ಆಗುತ್ತೆ, ಕೆಫೀನ್ ಮಾತ್ರ ಹೆಚ್ಚುಕಮ್ಮಿ ಎರಡು ಪಟ್ಟು. ಡಿಕಾಕ್ಷನ್ ಹನಿ ಹನಿಯಾಗಿ ಇಳಿಯೋದನ್ನು ಕಾಯೋದು ಚಹಾಕ್ಕಿಂತ ಒಂದು ಕೈ ಮೇಲೇ. ಎರಡೂ ಬೇಡ ಅಂದರೆ ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕಷಾಯ ಮಾಡಿ. ಕೆಫೀನ್ ಇಲ್ಲ, ರಾತ್ರಿಗೂ ಆಗುತ್ತೆ. ಹಾಲು ಅದರಲ್ಲೂ ಉಕ್ಕುತ್ತೆ.