ಲೆಕ್ಕದ ಅಕ್ಕನಿಂದ ಶುರು ಮಾಡಿ

"ಅಣ್ಣ, ನಮ್ಮ ಮೆಷಿನ್‌ಗೆ ವಿಂಡೋಸ್ 11 ಹತ್ತೋದಿಲ್ಲವಂತೆ. ಎಲ್ಲ ಹೊಸದೇ ತಗೊಳ್ಬೇಕಾ?"

2025ರ ದೀಪಾವಳಿ ಆಸುಪಾಸಿನಲ್ಲಿ ಈ ಪ್ರಶ್ನೆ ನನಗೆ ವಾರಕ್ಕೆ ನಾಲ್ಕೈದು ಸಲ ಬಂತು. ಸಾಂತಾಕ್ರೂಜ್‌ನ ಹೋಟೆಲಿನಿಂದ, ಮಸ್ಜಿದ್ ಬಂದರಿನ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ, ಡೊಂಬಿವಲಿಯ ಕನ್ನಡ ಸಂಘದಿಂದ. ವಿಂಡೋಸ್ 10ರ ಮಾಮೂಲಿ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿದಿತ್ತು. 11 ಹಾಕಬೇಕಾದರೆ ಭದ್ರತೆಗೆ ಇರುವ ಟಿಪಿಎಂ 2.0 ಚಿಪ್ ಬೇಕು, ಪ್ರೊಸೆಸರ್ ತುಂಬಾ ಹಳತಾಗಿರಬಾರದು. ಚೆನ್ನಾಗಿಯೇ ಓಡುತ್ತಿದ್ದ ಎಂಟೊಂಬತ್ತು ವರ್ಷದ ಮೆಷಿನ್‌ಗಳ ಬಗ್ಗೆ ಎಲ್ಲರಿಗೂ ಚಿಂತೆ ಹತ್ತಿತು.

ಮುಂಬೈಯ ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದೇ ನನ್ನ ಕೆಲಸ. ಐದು ಮೆಷಿನ್ ಇರುವಲ್ಲಿಂದ ಮೂವತ್ತು ಮೆಷಿನ್ ಇರುವವರೆಗೆ. ಹೆಚ್ಚಿನವರು ನಮ್ಮ ಊರಿನ ಕಡೆಯವರು. ಓಪನ್ ಸೋರ್ಸ್‌ಗೆ, ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುವ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಾಫ್ಟ್‌ವೇರ್‌ಗೆ, ಬನ್ನಿ ಅಂತ ಅವರಿಗೆಲ್ಲ ನಾನು ಮನಸಾರೆ ಹೇಳುತ್ತೇನೆ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ನನಗೆ ಗೊತ್ತಾದದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ಆಗಿದ್ದು ವಾಶಿಯಲ್ಲಿ, ಎಪಿಎಂಸಿ ಮಾರ್ಕೆಟ್ ಹತ್ತಿರ. ಹೋಟೆಲ್‌ಗಳಿಗೆ ದಿನಸಿ ಸರಬರಾಜು ಮಾಡುವ ಆಫೀಸು. ಒಂಬತ್ತು ಮೆಷಿನ್. ಮಾಲಕರು ಒಪ್ಪಿದರು. ನಾನು ಶನಿವಾರ ಸಂಜೆ ಹೋಗಿ ಕೂತವನು ಭಾನುವಾರ ರಾತ್ರಿಯೊಳಗೆ ಒಂಬತ್ತಕ್ಕೂ ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿದೆ, ವರ್ಡ್, ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್ ಹಾಕಿದೆ, ಹಳೆ ಫೈಲುಗಳನ್ನೆಲ್ಲ ತೆರೆದು ನೋಡಿದೆ. ತೆರೆಯುತ್ತಿದ್ದವು. ಖುಷಿಯಿಂದ ಮನೆಗೆ ಹೋದೆ.

ಸೋಮವಾರ ಅಲ್ಲಿ ಲೆಕ್ಕ ಬರೆಯುವ ಅಕ್ಕ ಎಂದಿನಂತೆ ಬಿಲ್ಲಿನ ಶೀಟು ತೆರೆದರು. ಹದಿನಾರು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವರು. ತೊಗರಿಬೇಳೆ ಆ ದಿನ ಕಿಲೋಗೆ 142 ರೂಪಾಯಿ. 38 ಹೋಟೆಲ್‌ಗಳಿಗೂ ಅದೇ ದರ. ಮೊದಲ ಸೆಲ್‌ನಲ್ಲಿ 142 ಅಂತ ಹೊಡೆದು, ಮೂಲೆಯ ಚುಕ್ಕೆ ಹಿಡಿದು ಕೆಳಗಿನವರೆಗೆ ಎಳೆದರು. ಎಕ್ಸೆಲ್‌ನಲ್ಲಾದರೆ ಎಲ್ಲ ಸಾಲಿಗೂ 142 ಬರುತ್ತದೆ. ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ ಹಾಗಲ್ಲ. ಅದು 143, 144, 145 ಅಂತ ಏರಿಸುತ್ತಾ ಹೋಗುತ್ತದೆ. ಮೊದಲ ಹೋಟೆಲ್‌ಗೆ 142 ಬಿತ್ತು. ಕೊನೆಯ ಹೋಟೆಲ್‌ಗೆ 179. ಅಕ್ಕ ಮೇಲಿನ ನಾಲ್ಕು ಸಾಲು ಬಿಟ್ಟು ಕೆಳಗೆ ನೋಡಲಿಲ್ಲ. ಯಾಕೆ ನೋಡಬೇಕು? ಹದಿನಾರು ವರ್ಷ ಸರಿಯಾಗಿ ಬಂದಿದೆ. ಬಿಲ್ಲುಗಳು ಟೆಂಪೋ ಹತ್ತಿ ಹೊರಟೇಹೋದವು. ಮಧ್ಯಾಹ್ನದ ಹೊತ್ತಿಗೆ ಫೋನು ಶುರುವಾಯಿತು.

ಇದು ಸಾಫ್ಟ್‌ವೇರಿನ ತಪ್ಪಲ್ಲ. ಕ್ಯಾಲ್ಕ್‌ನಲ್ಲಿ ಎಳೆದರೆ ಏರಿಕೆ, ಕಂಟ್ರೋಲ್ ಒತ್ತಿಕೊಂಡು ಎಳೆದರೆ ನಕಲು. ಎಕ್ಸೆಲ್‌ನಲ್ಲಿ ಸರಿಯಾಗಿ ಇದರ ಉಲ್ಟಾ. ಎರಡರಲ್ಲೂ ಒಂದೇ ಥರ ನಡೆಯುವ ದಾರಿಯೂ ಇದೆ: ಸೆಲ್‌ಗಳನ್ನು ಆರಿಸಿಕೊಂಡು ಕಂಟ್ರೋಲ್ ಮತ್ತು ಡಿ ಒತ್ತಿದರೆ ಮೇಲಿನದ್ದೇ ಕೆಳಗೆ ತುಂಬುತ್ತದೆ. ನನಗೆ ಇದು ಗೊತ್ತಿತ್ತು. ಹೇಳಿರಲಿಲ್ಲ. ಅಕ್ಕ ಸಿಟ್ಟು ಮಾಡಲಿಲ್ಲ. "ನೀವು ಒಂದು ದಿನ ಬಂದು ಪಕ್ಕದಲ್ಲಿ ಕೂತಿದ್ದರೆ, ದಿನಾ ಏನು ಮಾಡ್ತೇನೆ ಅಂತ ನಾನೇ ತೋರಿಸ್ತಿದ್ದೆ" ಅಂದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಅವತ್ತಿನಿಂದ ನಾನು ಕೆಲಸ ಮಾಡುವ ಕ್ರಮ ಬದಲಾಯಿತು. ಮೊದಲು ಲೆಕ್ಕದ ಅಕ್ಕನ ಪಕ್ಕದಲ್ಲಿ ಅರ್ಧ ದಿನ ಕೂರುತ್ತೇನೆ, ಒಂದು ನೋಟ್‌ಬುಕ್ ಹಿಡಿದು. ಯಾವ ಫೈಲು ದಿನಾ ತೆರೆಯುತ್ತಾರೆ, ಯಾವುದು ತಿಂಗಳಿಗೊಮ್ಮೆ. ಯಾವುದು ಹೊರಗಿನಿಂದ ಬರುತ್ತದೆ, ಯಾವುದು ಸಿಎ ಆಫೀಸಿಗೆ ಹೋಗುತ್ತದೆ. ಯಾವ ಗುಂಡಿ ಒತ್ತಿದರೆ ಮ್ಯಾಕ್ರೋ (ಶೀಟಿನೊಳಗೆ ಹಲವು ಹೆಜ್ಜೆಯ ಕೆಲಸವನ್ನು ತಾನೇ ಮಾಡುವ ಪುಟ್ಟ ಪ್ರೋಗ್ರಾಂ) ಓಡುತ್ತದೆ, ಅದನ್ನು ಬರೆದವರು ಈಗ ಎಲ್ಲಿದ್ದಾರೆ. ಮಾಲಕರ ಕ್ಯಾಬಿನ್‌ನಲ್ಲಿ ಎರಡು ತಾಸು ಮಾತಾಡಿದರೂ ಇದು ಸಿಗುವುದಿಲ್ಲ. ಆಫೀಸು ನಡೆಯುವುದು ಆ ಮೇಜಿನ ಮೇಲೆ.

ಎರಡನೆಯದು, ಮೊದಲ ಆರು ತಿಂಗಳು ವಿಂಡೋಸ್ ಮುಟ್ಟುವುದಿಲ್ಲ. ಲಿಬ್ರೆಆಫೀಸ್, ಬ್ರೌಸರ್ ಆಗಿ ಫೈರ್‌ಫಾಕ್ಸ್, ಮೇಲ್‌ಗೆ ಥಂಡರ್‌ಬರ್ಡ್ ಎಲ್ಲವೂ ವಿಂಡೋಸ್ ಮೇಲೆಯೂ ಚೆನ್ನಾಗಿ ಓಡುತ್ತವೆ. ಹಾಡು, ವಿಡಿಯೋ ನೋಡಲು ವಿಎಲ್‌ಸಿ ಬಹುತೇಕ ಎಲ್ಲರ ಮೆಷಿನ್‌ನಲ್ಲೂ ಇದೆ. ಅದೂ ಓಪನ್ ಸೋರ್ಸೇ ಅಂತ ಹೇಳಿದಾಗ ಜನರಿಗೆ ಅರ್ಧ ಭಯ ಹೋಗುತ್ತದೆ. ಕೈ ಪಳಗಿದ ಮೇಲೆ ಕೆಳಗಿನ ವಿಂಡೋಸ್ ತೆಗೆದು ಲಿನಕ್ಸ್ ಇಟ್ಟರೆ, ಮೇಲೆ ಕಾಣುವುದು ಅದೇ ಪರಿಚಯದ ಮುಖಗಳು. ಫ್ರಾನ್ಸ್‌ನ ಜಾಂಡಾರ್ಮರಿ ಪೊಲೀಸರು ಹೀಗೇ ಮಾಡಿದ್ದು. 2005ರಲ್ಲಿ ಲಿಬ್ರೆಆಫೀಸ್‌ನ ಮೂಲವಾದ ಓಪನ್‌ಆಫೀಸ್‌ಗೆ ಹೋದರು, ಆಮೇಲೆ ಬ್ರೌಸರ್ ಮತ್ತು ಮೇಲ್, 2008ರಿಂದ ಉಬುಂಟು ಅನ್ನುವ ಲಿನಕ್ಸ್. ಜರ್ಮನಿಯ ಮ್ಯೂನಿಕ್ ನಗರಾಡಳಿತ ಕೂಡ 2003ರಲ್ಲಿ ತೀರ್ಮಾನ ಮಾಡಿ ಹತ್ತು ವರ್ಷದಲ್ಲಿ ಸುಮಾರು 15,000 ಮೆಷಿನ್‌ಗಳನ್ನು ಲಿನಕ್ಸ್‌ಗೆ ಬದಲಾಯಿಸಿತು. ಆದರೆ 2017ರಲ್ಲಿ ಅಲ್ಲಿನ ಕೌನ್ಸಿಲ್ ವಿಂಡೋಸ್‌ಗೇ ವಾಪಸ್ ಹೋಗಲು ಮತ ಹಾಕಿತು. ಅಲ್ಲಿನ ರಾಜಕೀಯ ಬೇರೆ ಮಾತು. ಒಮ್ಮೆ ಬದಲಾದರೂ ಜನರನ್ನು ಜೊತೆಗೆ ಇಟ್ಟುಕೊಳ್ಳುವ ಕೆಲಸ ಮುಗಿಯುವುದಿಲ್ಲ ಅಂತ ನಾನು ಅದರಿಂದ ತಿಳಿದುಕೊಂಡೆ.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಮಾಲಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ದುಡ್ಡು ಉಳಿಯುತ್ತದೆ ಅಂತ ಹೇಳಿ ಸುಮ್ಮನಾಗಬಹುದು. ಆದರೆ ನನ್ನ ಉತ್ತರ ಅದಲ್ಲ. ಮುಂಬೈಯಲ್ಲಿ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಗೊತ್ತು. ಅವಧಿ ಮುಗಿದರೆ ಹೊಸ ಕರಾರು, ಹೊಸ ಬಾಡಿಗೆ. ಒಪ್ಪದಿದ್ದರೆ ಗಂಟುಮೂಟೆ ಕಟ್ಟಬೇಕು. ಸಾಫ್ಟ್‌ವೇರ್ ಕೂಡ ಈಗ ಹೆಚ್ಚಾಗಿ ಹೀಗೇ. ಒಂದು ಸಲ ಡಬ್ಬಿ ಕೊಂಡರೆ ಆಯಿತು ಅನ್ನುವ ಕಾಲ ಹೋಗಿದೆ. ಅಡೋಬಿ 2013ರಲ್ಲೇ ತನ್ನ ಡಿಸೈನ್ ಸಾಫ್ಟ್‌ವೇರ್‌ಗಳನ್ನು ಚಂದಾಕ್ಕೆ ತಂದಿತು. ಚಂದಾ ಕೊಡುವುದು ತಪ್ಪಲ್ಲ, ಕೆಲಸಕ್ಕೆ ತಕ್ಕ ಬೆಲೆ ಯಾರೂ ಕೇಳಬಹುದು. ನನ್ನ ಚಿಂತೆ ಇರುವುದು ಮನೆಯೊಳಗಿನ ಸಾಮಾನಿನ ಬಗ್ಗೆ. ಇಪ್ಪತ್ತು ವರ್ಷದ ನಮ್ಮ ಲೆಕ್ಕ, ನಮ್ಮ ಪತ್ರ, ನಮ್ಮ ಬರಹ. ಬಾಡಿಗೆ ನಿಂತ ದಿನವೂ ಅದು ನಮ್ಮ ಕೈಗೆ ಸಿಗಬೇಕು, ಅಲ್ವಾ?

ಅದಕ್ಕೇ ನಾನು ಫೈಲಿನ ನಮೂನೆಯ ಬಗ್ಗೆ ಇಷ್ಟು ಹಟ ಹಿಡಿಯುವುದು. ಲಿಬ್ರೆಆಫೀಸ್ ಬಳಸುವ ಒಡಿಎಫ್ 2006ರಿಂದ ಅಂತರರಾಷ್ಟ್ರೀಯ ಮಾನಕ. ಅದರ ಒಳರಚನೆ ಎಲ್ಲರಿಗೂ ತೆರೆದಿದೆ. ನಾಳೆ ಲಿಬ್ರೆಆಫೀಸ್ ಇಲ್ಲದಿದ್ದರೂ ಬೇರೆ ಯಾರಾದರೂ ಅದನ್ನು ಓದುವ ಸಾಫ್ಟ್‌ವೇರ್ ಬರೆಯಬಹುದು. ಲಿಬ್ರೆಆಫೀಸ್ ಹುಟ್ಟಿದ್ದೂ ಹಾಗೆಯೇ. ಓಪನ್‌ಆಫೀಸ್ 2010ರಲ್ಲಿ ಸನ್ ಕಂಪನಿಯಿಂದ ಒರೇಕಲ್ ಕೈಗೆ ಹೋಯಿತು. ಅದೇ ವರ್ಷ ಅದನ್ನು ಬರೆಯುತ್ತಿದ್ದವರಲ್ಲಿ ಹಲವರು ಕೋಡ್ ತೆಗೆದುಕೊಂಡು ಹೊರಬಂದು ಹೊಸ ಹೆಸರಿನಲ್ಲಿ ಮುಂದುವರಿಸಿದರು. ಬಳಸುವವರ ಹಳೆ ಫೈಲುಗಳು ಹೊಸದರಲ್ಲೂ ತೆರೆಯುತ್ತಿದ್ದವು. ನಮ್ಮ ಆಫೀಸುಗಳಲ್ಲಿ ನಾನು ಇಟ್ಟ ನಿಯಮ ಸರಳ. ಒಳಗಿನ ಕೆಲಸ ಒಡಿಎಫ್‌ನಲ್ಲಿ. ಹೊರಗೆ ಕಳಿಸುವುದು ಪಿಡಿಎಫ್. ಎದುರಿನವರು ತಿದ್ದಲೇಬೇಕು ಅಂದರೆ ಮಾತ್ರ ಎಕ್ಸೆಲ್ ಅಥವಾ ವರ್ಡ್ ನಮೂನೆಯಲ್ಲಿ ಸೇವ್ ಮಾಡಿ ಕಳಿಸುವುದು.

"ನೀವು ಹಾಕಿದ ಸಾಫ್ಟ್‌ವೇರ್‌ನಲ್ಲಿ ಲೆಟರ್ ಎಲ್ಲ ಕೆಟ್ಟುಹೋಗಿದೆ" ಅನ್ನುವ ದೂರಿನ ಬಗ್ಗೆಯೂ ಹೇಳಬೇಕು. ಹತ್ತರಲ್ಲಿ ಎಂಟು ಸಲ ಕೆಟ್ಟಿರುವುದು ಫಾಂಟ್. ಫೋರ್ಟ್‌ನ ಒಂದು ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಇನ್‌ವಾಯ್ಸಿನ ಸಹಿಯ ಸಾಲು ಎರಡನೇ ಹಾಳೆಗೆ ಜಾರುತ್ತಿತ್ತು. ಲಿನಕ್ಸ್ ಮೆಷಿನ್‌ನಲ್ಲಿ ಕ್ಯಾಲಿಬ್ರಿ ಫಾಂಟ್ ಇಲ್ಲ, ಅದರ ಜಾಗಕ್ಕೆ ಇನ್ಯಾವುದೋ ಅಗಲದ ಅಕ್ಷರ ಬಂದು ಕೂತಿತ್ತು. ಕ್ಯಾಲಿಬ್ರಿಗೆ ಕಾರ್ಲಿಟೋ ಅಂತ ಒಂದು ಜೋಡಿ ಇದೆ. ಆಕಾರ ಸ್ವಲ್ಪ ಬೇರೆ, ಅಗಲ ಮಾತ್ರ ಒಂದೇ. ಕ್ಯಾಂಬ್ರಿಯಾಕ್ಕೆ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್‌ಗೆ ಲಿಬರೇಶನ್ ಫಾಂಟ್‌ಗಳು. ಇವನ್ನು ಹಾಕಿದೆ, ಸಹಿಯ ಸಾಲು ತನ್ನ ಜಾಗಕ್ಕೆ ಬಂತು. ಮೆನು ಗೊತ್ತಾಗುವುದಿಲ್ಲ ಅನ್ನುವವರಿಗೆ ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸ್‌ಗೆ ಹೋಗಿ ಟ್ಯಾಬ್ಡ್ ಆರಿಸಿಕೊಡಿ. ವರ್ಡ್‌ನ ಪಟ್ಟಿಗೆ ಹತ್ತಿರವಾಗಿ ಕಾಣುತ್ತದೆ.

ಬದಲಾಯಿಸಬಾರದ ಕಡೆ ಬದಲಾಯಿಸಬೇಡಿ. ಟ್ಯಾಲಿಯಲ್ಲಿ ಲೆಕ್ಕದ ಪುಸ್ತಕ ಇದ್ದರೆ, ಸಿಎ ಕೂಡ ಟ್ಯಾಲಿಯಲ್ಲೇ ನೋಡುತ್ತಾರಾದರೆ, ಆ ಒಂದು ಮೆಷಿನ್ ವಿಂಡೋಸ್‌ನಲ್ಲೇ ಇರಲಿ. ಜಿಎಸ್‌ಟಿ ವಾರ್ಷಿಕ ರಿಟರ್ನಿನ ಆಫ್‌ಲೈನ್ ಫೈಲು ಮ್ಯಾಕ್ರೋ ಇರುವ ಎಕ್ಸೆಲ್. ಅದನ್ನು ಕ್ಯಾಲ್ಕ್‌ನಲ್ಲಿ ಓಡಿಸಲು ಹೋಗಿ ಕೊನೆ ದಿನಾಂಕದ ರಾತ್ರಿ ಒದ್ದಾಡಬೇಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದರೆ ಮೊದಲೇ ಒಂದು ಮೆಷಿನ್‌ನಲ್ಲಿ ಹಾಕಿ ನೋಡಿ. ಪ್ರಿಂಟರ್ ಕೂಡ ಹಾಗೆಯೇ. ಇಲ್ಲಿನ ಆಫೀಸುಗಳಲ್ಲಿ ತುಂಬಾ ಕಾಣುವ ಒಂದು ಹಳೆ ಲೇಸರ್ ಪ್ರಿಂಟರ್ ಲಿನಕ್ಸ್‌ಗೆ ಹೊಂದಿಸಲು ನನಗೆ ಮೂರು ರಾತ್ರಿ ಹಿಡಿಯಿತು. ವಾಶಿಯ ಆಫೀಸಿನಲ್ಲಿ ಈಗ ಏಳು ಮೆಷಿನ್ ಲಿನಕ್ಸ್, ಎರಡು ವಿಂಡೋಸ್. ಆ ಎರಡಕ್ಕೂ ದುಡ್ಡು ಕೊಟ್ಟ ಲೈಸೆನ್ಸ್ ಇದೆ.

ಇದನ್ನು ಒತ್ತಿ ಹೇಳುತ್ತೇನೆ. ಎಷ್ಟೋ ಕಡೆ ಕಮರ್ಷಿಯಲ್ ಸಾಫ್ಟ್‌ವೇರ್ ಅಂದರೆ ಯಾರೋ ಹುಡುಗ ಹಾಕಿಕೊಟ್ಟ ಕ್ರ್ಯಾಕ್ ಕಾಪಿ. ಅವರಿಗೆ ಓಪನ್ ಸೋರ್ಸ್‌ನಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ಆದರೂ ಮೊದಲು ಬದಲಾಗಬೇಕಾದವರು ಅವರೇ. ಕ್ರ್ಯಾಕ್ ಜೊತೆಗೆ ಏನು ಒಳಗೆ ಬಂದಿದೆ ಅಂತ ಯಾರಿಗೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಎಲ್ಲ ಫೈಲಿಗೂ ಬೀಗ ಬಿದ್ದ ಆಫೀಸನ್ನು ನಾನು ನೋಡಿದ್ದೇನೆ. ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ, ಕಳ್ಳ ಕಾಪಿ ಅಂತ ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ಹಾಗಂತ ಓಪನ್ ಸೋರ್ಸ್ ಪೂರ್ತಿ ಬಿಟ್ಟಿ ಅಂದುಕೊಳ್ಳಬೇಡಿ. ಕಲಿಸುವುದಕ್ಕೆ, ಹೊಂದಿಸುವುದಕ್ಕೆ, ಕೆಟ್ಟಾಗ ಬರುವುದಕ್ಕೆ ಖರ್ಚಿದೆ. ಆ ದುಡ್ಡು ಇಲ್ಲೇ ಕೆಲಸ ಮಾಡುವವರಿಗೆ ಹೋಗುತ್ತದೆ ಅನ್ನುವುದು ನನಗೆ ಸಮಾಧಾನ. ಸ್ಟಾಕು, ಬಿಲ್ಲು, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಇಆರ್‌ಪಿನೆಕ್ಸ್ಟ್ ತಯಾರಾಗುವುದು ಮುಂಬೈಯಲ್ಲೇ. ಭಾರತದ ಭಾಷೆಗಳಿಗಾಗಿ ಇರುವ ಲೋಹಿತ್ ಫಾಂಟ್‌ಗಳಿಗೆ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಪುಣೆ ಆಫೀಸಿನ ಎಂಜಿನಿಯರ್‌ಗಳು ವರ್ಷಗಟ್ಟಲೆ ದುಡಿದಿದ್ದಾರೆ. ಅದರಲ್ಲಿ ಕನ್ನಡವೂ ಇದೆ.

ಕನ್ನಡದ ಮಾತು ಬಂತು. ಡೊಂಬಿವಲಿಯ ಸಂಘದವರು ಪ್ರತಿ ವರ್ಷ ಸ್ಮರಣ ಸಂಚಿಕೆ ತರುತ್ತಾರೆ. ಬೆಳ್ಳಿಹಬ್ಬಕ್ಕೆ ಹಳೆ ಸಂಚಿಕೆಗಳಿಂದ ಆಯ್ದ ಲೇಖನಗಳನ್ನು ಮತ್ತೆ ಅಚ್ಚು ಹಾಕಬೇಕು ಅಂತ ನನ್ನನ್ನು ಕರೆದರು. ಸಿಡಿ ಜೋಪಾನವಾಗಿ ಇಟ್ಟಿದ್ದರು. ಪುಟ ಜೋಡಿಸಿದ ಸಾಫ್ಟ್‌ವೇರ್ ಈಗ ಯಾರ ಹತ್ತಿರವೂ ಇಲ್ಲ. ಹೇಗೋ ಪಠ್ಯ ಮಾತ್ರ ಹೊರಗೆ ತೆಗೆದೆ. ಪರದೆ ತುಂಬಾ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಕಾರ್ಯದರ್ಶಿಯವರು ಹಿರಿಯರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಇದರಲ್ಲಿ ನನ್ನ ಅಣ್ಣ ಬರೆದ ಲೇಖನ ಇದೆ ಮಾರಾಯ್ರೆ. ಹೋಯ್ತಾ?" ಅಂದರು.

ಹೋಗಿರಲಿಲ್ಲ. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಸಂಖ್ಯೆಗೆ ಕನ್ನಡದ ಆಕಾರ ತೊಡಿಸುತ್ತಿದ್ದವು. ಫೈಲಿನ ಒಳಗೆ ಇದ್ದದ್ದು ಇಂಗ್ಲಿಷ್ ಸಂಖ್ಯೆ, ಕಣ್ಣಿಗೆ ಕಂಡದ್ದು ಕನ್ನಡ. ಫಾಂಟ್ ಹೋದರೆ ಕನ್ನಡವೂ ಹೋಯಿತು. ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಸಿಕ್ಕಿದೆ. ಹಳೆಯದನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳಿವೆ, ಓಪನ್ ಸೋರ್ಸ್‌ನಲ್ಲೇ ಇವೆ. ಪುಟ ಜೋಡಿಸಲು ಸ್ಕ್ರೈಬಸ್ ತೆಗೆದುಕೊಂಡೆ. ಅದರ ಹಳೆ 1.4 ಆವೃತ್ತಿಯಲ್ಲಿ ನಮ್ಮ ಒತ್ತಕ್ಷರಗಳು ಸರಿಯಾಗಿ ಕೂರುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಕೂರುತ್ತವೆ. ಪ್ರೆಸ್‌ನವರು ಕೇಳುವ ನಾಲ್ಕು ಬಣ್ಣದ ಪಿಡಿಎಫ್ ಕೂಡ ಅದರಿಂದಲೇ ಬರುತ್ತದೆ. ಫಾಂಟ್‌ಗಳ ಹೆಸರು ಕೇಳಿಯೇ ಸಂಘದವರಿಗೆ ಖುಷಿಯಾಯಿತು: ಗುಬ್ಬಿ, ನವಿಲು, ಕೇದಗೆ, ಮಲ್ಲಿಗೆ.

ಪರಿವರ್ತಕಕ್ಕೆ ಮೊದಲು ಹಾಕಿದ್ದು ಆ ಅಣ್ಣನ ಲೇಖನ. ಪರದೆಯ ಮೇಲೆ ಕನ್ನಡ ಬಂತು. ಕಾರ್ಯದರ್ಶಿಯವರು ಗಟ್ಟಿಯಾಗಿ ಓದತೊಡಗಿದರು. ಅರ್ಕಾವತ್ತು ಮಾತ್ರ ಎಲ್ಲೆಲ್ಲೋ ಕೂತಿತ್ತು, "ಕಾರ್ಯಕ್ರಮ"ದ ಹತ್ತಿರ ಬಂದಾಗಲೆಲ್ಲ ತಡವರಿಸುತ್ತಿದ್ದರು. ಅದನ್ನು ಕೈಯಲ್ಲೇ ತಿದ್ದಬೇಕು. ಭಾನುವಾರ ಮಧ್ಯಾಹ್ನ ಮೂರು ಜನ ಕೂತು ತಿದ್ದುತ್ತಿದ್ದೇವೆ. ಇನ್ನೂ ನಲವತ್ತು ಪುಟ ಬಾಕಿ ಇದೆ.