ಮಣಿಕಟ್ಟಿನಲ್ಲೊಂದು ಎಳೆ

ಹೆಬ್ಬೆರಳು ಮತ್ತು ಕಿರುಬೆರಳಿನ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ಹಾಗೇ ಅಂಗೈಯನ್ನು ನಿಮ್ಮ ಕಡೆಗೆ ಸ್ವಲ್ಪ ಬಗ್ಗಿಸಿ. ಮಣಿಕಟ್ಟಿನ ನಡುವೆ ಹುರಿಯಂಥ ಒಂದು ಎಳೆ ಉಬ್ಬಿ ನಿಂತಿತಾ? ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವಿನ ತುದಿಯ ಗಟ್ಟಿ ಹುರಿ. ಕಾಣದಿದ್ದರೆ ಗಾಬರಿ ಬೇಡ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ. ಒಂದು ಕೈಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದವರೂ ಇದ್ದಾರೆ. ಇಲ್ಲದಿದ್ದರೂ ಕೈ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಅದಕ್ಕೇ ಬೇರೆ ಕಡೆ ಟೆಂಡನ್ ಹಾಳಾದಾಗ ಸರ್ಜನ್‌ಗಳು ಈ ಎಳೆಯನ್ನು ತೆಗೆದು ಅಲ್ಲಿ ಜೋಡಿಸುತ್ತಾರೆ. ಅಪಾಯ ಇರುವುದೂ ಇಲ್ಲೇ. ಅದರ ಬೆನ್ನಿಗೇ ಮೀಡಿಯನ್ ನರ ಇದೆ. ಹೆಬ್ಬೆರಳನ್ನು ಉಳಿದ ಬೆರಳುಗಳತ್ತ ತರುವ ಶಕ್ತಿ, ತೋರುಬೆರಳಿನ ಸ್ಪರ್ಶ ಎಲ್ಲ ಆ ನರದ್ದು. ಎಳೆ ಇಲ್ಲದ ಕೈಯಲ್ಲಿ ಈ ನರವನ್ನೇ ಟೆಂಡನ್ ಅಂದುಕೊಂಡು ಕತ್ತರಿಸಿ ತೆಗೆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಪುಸ್ತಕದ ಚಿತ್ರದಲ್ಲಿ ಗೊಂದಲವೇ ಇಲ್ಲ. ನರಕ್ಕೆ ಹಳದಿ, ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ. ದೇಹಕ್ಕೆ ಯಾರೂ ಹಾಗೆ ಬಣ್ಣ ಬಳಿದಿರುವುದಿಲ್ಲ. ಕೊಳೆಯದಂತೆ ಫಾರ್ಮಲಿನ್ ತುಂಬಿದ ದೇಹದಲ್ಲಂತೂ ಎಲ್ಲವೂ ಮಂಕು ಕಂದು. ಎಂಬಿಬಿಎಸ್ ಮೊದಲ ವರ್ಷದ ಹುಡುಗ ಹುಡುಗಿಯರು ಡಿಸೆಕ್ಷನ್ ಹಾಲ್‌ನಲ್ಲಿ ಬೆರಳಿನಿಂದಲೇ ವ್ಯತ್ಯಾಸ ಕಲಿಯಬೇಕು. ಅಪಧಮನಿಯ ಗೋಡೆ ದಪ್ಪ. ಅಭಿಧಮನಿ ಒತ್ತಿದರೆ ಚಪ್ಪಟೆ. ಟೆಂಡನ್ ಗಟ್ಟಿ, ಹೊಳಪು ಜಾಸ್ತಿ. ಪಕ್ಕದ ಮೇಜಿಗೆ ಹೋದರೆ ಅದೇ ರಕ್ತನಾಳ ಬೇರೆ ಜಾಗದಲ್ಲಿ ಕವಲೊಡೆದಿರಬಹುದು. ಈ ಪಾಠವನ್ನು ಯಾವ ಒಂದೇ ಚಿತ್ರವೂ ಕಲಿಸಲಾರದು.

ಕಣ್ಣಿಗಿಂತ ಪುಸ್ತಕವನ್ನೇ ನಂಬಿದರೆ ಏನಾಗುತ್ತದೆ? ರೋಮಿನ ವೈದ್ಯ ಗ್ಯಾಲೆನ್ ಕೊಯ್ದು ನೋಡಿದ್ದು ಕೋತಿ, ಹಂದಿಯಂಥ ಪ್ರಾಣಿಗಳನ್ನು. ಮನುಷ್ಯನ ಕೆಳದವಡೆಯಲ್ಲಿ ಎರಡು ಮೂಳೆ ಎಂದು ಬರೆದಿಟ್ಟ. ಸಾವಿರಕ್ಕೂ ಹೆಚ್ಚು ವರ್ಷ ಅದೇ ಪಾಠ ನಡೆಯಿತು. ಮುಂದೆ ಯುರೋಪಿನಲ್ಲಿ ಮನುಷ್ಯರ ಶವ ಕೊಯ್ಯಲು ಶುರುವಾದ ಮೇಲೂ ಪ್ರಾಧ್ಯಾಪಕರು ಎತ್ತರದ ಪೀಠದಲ್ಲಿ ಕೂತು ಗ್ಯಾಲೆನ್ ಓದುತ್ತಿದ್ದರು, ಕೆಳಗೆ ಬೇರೆ ಯಾರೋ ಕೊಯ್ಯುತ್ತಿದ್ದರು. ಅಂಥ ಪ್ರಾಧ್ಯಾಪಕರಲ್ಲೊಬ್ಬನಾದ ವೆಸಾಲಿಯಸ್ ಪೀಠ ಬಿಟ್ಟು ಇಳಿದು ತಾನೇ ಕತ್ತಿ ಹಿಡಿದ. 1543ರ ತನ್ನ ಗ್ರಂಥದಲ್ಲಿ, ದೊಡ್ಡವರ ಕೆಳದವಡೆ ಒಂದೇ ಮೂಳೆ ಎಂದು ತೋರಿಸಿದ.

ನಮ್ಮ ಸುಶ್ರುತ ಸಂಹಿತೆಯೂ ಕಣ್ಣಾರೆ ನೋಡು ಎಂದೇ ಹೇಳುತ್ತದೆ. ಶವವನ್ನು ಹುಲ್ಲಿನಲ್ಲಿ ಸುತ್ತಿ ಏಳು ರಾತ್ರಿ ಹೊಳೆಯಲ್ಲಿಡಬೇಕು. ಆಮೇಲೆ ಲಾವಂಚ, ಬಿದಿರಿನಂಥವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಪದರ ಪದರವಾಗಿ ನೋಡಬೇಕು. ಎಷ್ಟು ತಾಳ್ಮೆಯ ವಿಧಾನ ಅಲ್ವಾ!

2010ರಲ್ಲಿ ಬೆಳಗಾವಿಯ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳ ಮುಂದೆ ತಮ್ಮ ತಂದೆಯ ದೇಹವನ್ನೇ ಕೊಯ್ದು ಪಾಠ ಮಾಡಿದರು. ವೈದ್ಯರಾಗಿದ್ದ ಆ ತಂದೆಯ ಆಸೆಯೇ ಅದಾಗಿತ್ತು. ಅದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ನಿಮಗೂ ದೇಹದಾನದ ಮನಸ್ಸಿದ್ದರೆ ಅರ್ಜಿ ತುಂಬಿದರಷ್ಟೇ ಸಾಲದು, ಮನೆಯವರಿಗೆ ಈಗಲೇ ಹೇಳಿಡಿ. ಆ ದಿನ ಕಾಲೇಜಿಗೆ ಫೋನ್ ಮಾಡಬೇಕಾದವರು ಅವರು.