ಕನ್ನಡ ಲಿಂಕ್ ಯಾಕೆ ಇಷ್ಟು ಉದ್ದ? ಬದಲಾಯಿಸಿದರೆ ಗೂಗಲ್‌ನಲ್ಲಿ ಹಿಂದೆ ಬೀಳ್ತೀವಾ?

ಪ್ರಶ್ನೆ: ವರ್ಡ್‌ಪ್ರೆಸ್‌ನಲ್ಲಿ ನನ್ನದೊಂದು ಅಡುಗೆ ಸೈಟ್ ಇದೆ. ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸ್ಕ್ರೀನ್ ತುಂಬ ಬರೀ ಶೇಕಡಾ ಚಿಹ್ನೆ, ಅಂಕಿ. ಚಿಕ್ಕ ಇಂಗ್ಲಿಷ್ ಅಕ್ಷರದ ಯುಆರ್‌ಎಲ್ (ಪುಟದ ವಿಳಾಸ) ಮಾಡಬಹುದಾ? ಹಳೇ ಲಿಂಕ್‌ಗಳ ಗತಿ ಏನು?

ಉತ್ತರ: ಮಾಡಬಹುದು. ಆದರೆ ಗೂಗಲ್‌ಗೋಸ್ಕರ ಮಾಡಬೇಕಾಗಿಲ್ಲ. ಅದು ಕನ್ನಡ ಯುಆರ್‌ಎಲ್ ಅನ್ನು ಚೆನ್ನಾಗಿಯೇ ಓದುತ್ತದೆ. ಓದುಗರ ಭಾಷೆಯ ಪದಗಳನ್ನೇ ಬಳಸಿ ಅಂತ ಗೂಗಲ್ಲೇ ಹೇಳುತ್ತದೆ. ಯುಆರ್‌ಎಲ್‌ನಲ್ಲಿರುವ ಪದಗಳಿಂದ ರ‍್ಯಾಂಕ್‌ಗೆ ಸಿಗುವ ಲಾಭವೂ ತೀರಾ ಕಡಿಮೆ. ತೊಂದರೆ ಇರುವುದು ಲಿಂಕ್ ಹಂಚುವ ಮನುಷ್ಯರಿಗೆ.

ಉದ್ದವಾಗುವುದು ಹೀಗೆ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಯುಆರ್‌ಎಲ್‌ನಲ್ಲಿ ಒಂದೊಂದು ಬೈಟ್ ಕೂಡ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ. 'ಕ' ಅನ್ನುವುದು '%ಇ0%ಬಿ2%95' ಆಗುತ್ತದೆ, ಅಂದರೆ 9 ಅಕ್ಷರ. ಗುಣಿತದ ಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ಹಲಂತ ಎಲ್ಲವೂ ಬೇರೆ ಬೇರೆ ಲೆಕ್ಕ. 'ಕನ್ನಡ' ಅನ್ನುವ ಪುಟ್ಟ ಪದಕ್ಕೇ 45. ಬ್ರೌಸರ್ ಇದನ್ನು ಮುಚ್ಚಿಟ್ಟು ನಮಗೆ ಕನ್ನಡದಲ್ಲೇ ತೋರಿಸುತ್ತದೆ. ಕಾಪಿ ಮಾಡಿದಾಗ ನಿಜ ಹೊರಗೆ ಬೀಳುತ್ತದೆ.

ಇಲ್ಲಿ ಇನ್ನೊಂದು ಪೇಚಿದೆ, ಬಹಳ ಜನ ಗಮನಿಸಿರುವುದಿಲ್ಲ. ಶೀರ್ಷಿಕೆಯಿಂದ ತಾನೇ ಮಾಡಿಕೊಳ್ಳುವ ಯುಆರ್‌ಎಲ್ ತುಣುಕಿಗೆ, ಅಂದರೆ ಸ್ಲಗ್‌ಗೆ, ವರ್ಡ್‌ಪ್ರೆಸ್ ಕೊಡುವುದು 200 ಅಕ್ಷರ ಮಾತ್ರ. ಲೆಕ್ಕ ಹಾಕುವುದು ಈ ಉದ್ದನೆಯ ರೂಪದಲ್ಲೇ. 'ಮೈಸೂರು ಪಾಕ್ ಮಾಡುವ ವಿಧಾನ' ಅಂತ ಇಟ್ಟರೆ ನಡುವಿನ ಗೀಟುಗಳೂ ಸೇರಿ 183, ಹೇಗೋ ಹಿಡಿಸುತ್ತದೆ. ಅದರ ಮೊದಲಿಗೆ 'ಮನೆಯಲ್ಲೇ' ಸೇರಿಸಿ ನೋಡಿ. 'ಮನೆಯಲ್ಲೇ-ಮೈಸೂರು-ಪಾಕ್-ಮಾಡ' ಅನ್ನುವಷ್ಟಕ್ಕೇ ಕಟ್ ಆಗುತ್ತದೆ! ಹಾಗಾಗಿ ಸ್ಲಗ್ ಅನ್ನು ಶೀರ್ಷಿಕೆಗೆ ಬಿಡದೆ ಕೈಯಾರೆ ಬರೆಯಿರಿ. ಎರಡು ಮೂರು ಪದ ಸಾಕು. ನನ್ನನ್ನು ಕೇಳಿದರೆ, ಹೊಸ ಬರಹಗಳಿಗೆ ಚಿಕ್ಕ ಇಂಗ್ಲಿಷ್ ಅಕ್ಷರದ ಸ್ಲಗ್ ಇಡಿ, ಪದಗಳ ನಡುವೆ ಅಂಡರ್‌ಸ್ಕೋರ್ ಬೇಡ, ಹೈಫನ್ ಇರಲಿ. ಈಗಾಗಲೇ ಜನ ಹುಡುಕಿಕೊಂಡು ಬರುತ್ತಿರುವ ಹಳೇ ಬರಹಗಳನ್ನು ಸುಮ್ನೆ ಕೆದಕಬೇಡಿ.

ಕೆದಕಲೇಬೇಕು ಅಂದರೆ? ಪ್ರಕಟವಾದ ಪೋಸ್ಟ್‌ನ ಸ್ಲಗ್ ಬದಲಿಸಿದಾಗ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು, ಬಂದವರನ್ನು ಹೊಸ ಲಿಂಕ್‌ಗೆ ತಾನೇ ಕಳಿಸುತ್ತದೆ. ನಿಮಗೆ ಬಹುಶಃ ಇಷ್ಟೇ ಸಾಕು. ವರ್ಡ್‌ಪ್ರೆಸ್ ಇಲ್ಲದೆ ಸೈಟನ್ನು ನೀವೇ ಕಟ್ಟಿದ್ದರೆ, ಅಥವಾ ಬೇರೆ ಕಡೆಯಿಂದ ವರ್ಡ್‌ಪ್ರೆಸ್‌ಗೆ ತಂದಿದ್ದರೆ, ಅಪಾಚೆ ಸರ್ವರ್‌ನ '.ಎಚ್‌ಟಿಆಕ್ಸೆಸ್' ಫೈಲ್‌ನಲ್ಲಿ ರೀರೈಟ್ ರೂಲ್, ಅಂದರೆ ಯಾವ ಲಿಂಕ್ ಕೇಳಿದರೆ ಏನು ಕೊಡಬೇಕು ಅನ್ನುವ ಸೂಚನೆ, ಬರೆಯಬೇಕು.

ರೀರೈಟ್ ರೂಲ್ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ, ಗೊಂದಲ ಶುರುವಾಗುವುದೇ ಇಲ್ಲಿ. ಒಂದು, ಒಳಗೊಳಗೇ ನಡೆಯುವುದು: ಓದುಗ ಚೆಂದದ ಯುಆರ್‌ಎಲ್ ಕೇಳುತ್ತಾನೆ, ಸರ್ವರ್ ಸದ್ದಿಲ್ಲದೆ '?ಐಡಿ=123' ಪುಟವನ್ನು ಕೊಡುತ್ತದೆ. ಅಡ್ರೆಸ್ ಬಾರ್ ಬದಲಾಗುವುದಿಲ್ಲ. ಇನ್ನೊಂದು 301 ರೀಡೈರೆಕ್ಟ್: 'ಇದು ಕಾಯಂ ಆಗಿ ಅಲ್ಲಿಗೆ ಹೋಗಿದೆ' ಅಂತ ಬ್ರೌಸರ್‌ಗೂ ಗೂಗಲ್‌ಗೂ ಹೇಳುವುದು. ಮೊದಲನೆಯದನ್ನಷ್ಟೇ ಮಾಡಿ ಬಿಟ್ಟರೆ ಒಂದೇ ಪುಟ ಹಳೇ, ಹೊಸ ಎರಡೂ ಯುಆರ್‌ಎಲ್‌ನಲ್ಲಿ ತೆರೆಯುತ್ತಿರುತ್ತದೆ. ಹಳೇ ಲಿಂಕ್ ಗಳಿಸಿದ ಹೆಸರು ಹೊಸದಕ್ಕೆ ಬರಬೇಕಾದರೆ 301 ಬೇಕೇ ಬೇಕು.

ಕನ್ನಡ ಲಿಂಕ್‌ಗೆ ರೂಲ್ ಬರೆಯುವವರು ಜಾಸ್ತಿ ಎಡವುವುದು ಶೇಕಡಾ ಚಿಹ್ನೆಯಲ್ಲಿ. ಕಾಪಿ ಮಾಡಿದ ಉದ್ದನೆಯ ಸಾಲನ್ನೇ ರೂಲ್‌ನ ಮೊದಲ ಭಾಗಕ್ಕೆ ಹಾಕುತ್ತಾರೆ, ಅದು ಕೆಲಸವೇ ಮಾಡುವುದಿಲ್ಲ. ಅಪಾಚೆ ಹೋಲಿಸಿ ನೋಡುವ ಹೊತ್ತಿಗೆ ಶೇಕಡಾ ರೂಪ ಬಿಚ್ಚಿಕೊಂಡು ಕನ್ನಡವೇ ಆಗಿರುತ್ತದೆ. ಆದ್ದರಿಂದ ಅಲ್ಲಿ ನೇರವಾಗಿ ಕನ್ನಡದಲ್ಲೇ ಬರೆದು, ಫೈಲನ್ನು ಯುಟಿಎಫ್-8ರಲ್ಲಿ ಸೇವ್ ಮಾಡಿ. ಶುರುವಿನಲ್ಲಿ ಓರೆಗೆರೆ (/) ಬೇಡ, ಈ ಫೈಲ್‌ನಲ್ಲಿ ಹೋಲಿಕೆಗೆ ಮೊದಲೇ ಅಪಾಚೆ ಅದನ್ನು ತೆಗೆದಿರುತ್ತದೆ. 'ವರ್ಡ್‌ಪ್ರೆಸ್' ತರಹದ ಪದಗಳಲ್ಲಿ ಒತ್ತಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೊಂದು ಕೂತಿರುತ್ತದೆ. ಲಿಂಕ್‌ನಲ್ಲಿ ಅದಿದ್ದು ರೂಲ್‌ನಲ್ಲಿ ಇಲ್ಲದಿದ್ದರೆ ಎರಡೂ ಹೊಂದುವುದಿಲ್ಲ. ಎಷ್ಟು ದಿಟ್ಟಿಸಿದರೂ ತಪ್ಪು ಕಾಣಿಸುವುದಿಲ್ಲ ಅನ್ನುವುದು ಬೇರೆ ಮಾತು!

ವರ್ಡ್‌ಪ್ರೆಸ್ ಇರುವ ಕಡೆ ನಿಮ್ಮ ರೂಲ್‌ಗಳನ್ನು ಅದರ 'ಬಿಗಿನ್ ವರ್ಡ್‌ಪ್ರೆಸ್' ಸಾಲಿಗಿಂತ ಮೇಲೆ ಇಡಿ. ಅದರೊಳಗೆ ಬರೆದದ್ದನ್ನು ವರ್ಡ್‌ಪ್ರೆಸ್ ಯಾವಾಗ ಬೇಕಾದರೂ ಅಳಿಸಿಬಿಡಬಹುದು. ಬ್ರೌಸರ್‌ಗಳು 301 ಅನ್ನು ನೆನಪಿಟ್ಟುಕೊಂಡು ಸತಾಯಿಸುತ್ತವೆ, ಹಾಗಾಗಿ ಮೊದಲು 302 (ತಾತ್ಕಾಲಿಕ ರೀಡೈರೆಕ್ಟ್) ಹಾಕಿ ಪರೀಕ್ಷಿಸಿ, ಸರಿಯಿದ್ದರೆ ಆಮೇಲೆ 301 ಮಾಡಿ. ಸೈಟ್‌ಮ್ಯಾಪ್‌ನಲ್ಲೂ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ) ಬರಹಗಳ ಒಳಗೂ ಹೊಸ ಲಿಂಕನ್ನೇ ಹಾಕಿ. ರೀಡೈರೆಕ್ಟನ್ನು ಕನಿಷ್ಠ 1 ವರ್ಷ ಉಳಿಸಿ ಅನ್ನುವುದು ಗೂಗಲ್‌ನ ಸಲಹೆ. ವಾಟ್ಸಾಪ್ ಗ್ರೂಪ್‌ಗಳಲ್ಲಿ ಹಳೇ ಲಿಂಕ್ ಅದಕ್ಕಿಂತ ಜಾಸ್ತಿ ದಿನ ಓಡಾಡುತ್ತಿರುತ್ತದೆ ಅಲ್ವಾ? ತೆಗೆಯಲೇಬೇಡಿ.

ಇಷ್ಟಾದರೂ ರೂಲ್ ಕೆಲಸ ಮಾಡದಿದ್ದರೆ ಹೋಸ್ಟಿಂಗ್‌ನವರನ್ನು ಒಂದು ಮಾತು ಕೇಳಿ. ಸರ್ವರ್ ಅಪಾಚೆ ಅಲ್ಲದೆ ಎಂಜಿನ್‌ಎಕ್ಸ್ ಅನ್ನುವ ಬೇರೆ ತಂತ್ರಾಂಶ ಆಗಿದ್ದರೆ ಅದು '.ಎಚ್‌ಟಿಆಕ್ಸೆಸ್' ಫೈಲನ್ನು ಓದುವುದೇ ಇಲ್ಲ. ರೂಲ್‌ಗಳನ್ನು ಸರ್ವರ್‌ನ ಕಾನ್ಫಿಗ್ ಫೈಲ್‌ನಲ್ಲಿ ಅವರೇ ಹಾಕಿಕೊಡಬೇಕಾಗುತ್ತದೆ.